ಏಳು ಗಂಟೆಯ ಅಳತೆ

"ನಾಲ್ಕು ನಿಮಿಷ, ಅಮ್ಮ. ನಾಲ್ಕೇ ನಿಮಿಷ ಆ ಮನುಷ್ಯನನ್ನ ಫೋನಲ್ಲಿ ಹಿಡಿದಿಟ್ಕೊಳ್ಳಿ. ಮಿಕ್ಕಿದ್ದು ನಮಗೆ ಬಿಡಿ."

ಸೈನ್ಯದ ಅಧಿಕಾರಿ ಇಷ್ಟು ಹೇಳುವಷ್ಟರಲ್ಲಿ ಅಳತೆಯಕ್ಕನ ಕೈಯಲ್ಲಿದ್ದ ಚಹಾ ತುಳುಕಿ ದಾಖಲೆ ಪುಸ್ತಕದ ಮೇಲೆ ಬಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಆ ಪುಸ್ತಕದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಗಾಬರಿಯಲ್ಲಿ ಅಂಗೈಯಿಂದಲೇ ಒರೆಸಿದಳು. ಆ ದಿನದ ಅಂಕಿ ಕದಡಿ ನೀಲಿ ಕಲೆಯಾಯಿತು.

"ನಾಳೆ ಬೆಳಿಗ್ಗೇನಾ?" ಎಂದಳು.

"ನಾಳೆ ಬೆಳಿಗ್ಗೆ. ಏಳು ಗಂಟೆಯ ಕರೆ."

ಅಧಿಕಾರಿಗೆ ಅವಳ ಅಳಿಯನ ವಯಸ್ಸು. ಬೆಳಿಗ್ಗೆ ಆತುರದಲ್ಲಿ ಕ್ಷೌರ ಮಾಡಿಕೊಂಡು ಗಲ್ಲ ಕೊಯ್ದುಕೊಂಡಿದ್ದ. ರಕ್ತದ ಸಣ್ಣ ಗೆರೆ ಕಾಲರಿನವರೆಗೆ ಇಳಿದಿತ್ತು. ಯಾರೂ ಅವನಿಗೆ ಹೇಳಿದಂತಿರಲಿಲ್ಲ. ಅವನ ಹಿಂದೆ ಅವಳ ಇಲಾಖೆಯ ಇಂಜಿನಿಯರ್ ಸಾಹೇಬರು ಗೋಡೆಯ ಕ್ಯಾಲೆಂಡರನ್ನು ಪರೀಕ್ಷೆಗೆ ಓದುವವರಂತೆ ನೋಡುತ್ತ ನಿಂತಿದ್ದರು. ಅಳತೆಯಕ್ಕನ ಕಣ್ಣು ತಪ್ಪಿಸಲು ಆ ಕೋಣೆಯಲ್ಲಿ ಬೇರೆ ಜಾಗವಿರಲಿಲ್ಲ.

ನದಿಯ ದಂಡೆಯ ಮೇಲಿನ ಎರಡು ಕೋಣೆಯ ಕಚೇರಿ ಅದು. ಕಿಟಕಿಯ ಕೆಳಗೆ ಕಲ್ಲಿನ ಮೆಟ್ಟಿಲು, ಮೆಟ್ಟಿಲಿನ ಪಕ್ಕಕ್ಕೆ ಕಪ್ಪು ಬಿಳಿ ಪಟ್ಟೆಯ ಕಬ್ಬಿಣದ ಅಳತೆಗಂಬ. ದಿನಕ್ಕೆ ಎರಡು ಸಲ ನೀರು ಎಷ್ಟಿದೆ ಎಂದು ಓದಿ ಬರೆಯುವುದು ಅವಳ ಕೆಲಸ. ಹಾಗಾಗಿ ಊರಿಗೆಲ್ಲ ಅವಳು ಅಳತೆಯಕ್ಕ. ನೀರು ಐದು ಗಂಟೆ ಹರಿದು ಬರುವಷ್ಟು ದೂರದಲ್ಲಿ, ಮೇಲ್ಗಡೆ, ಅಣೆಕಟ್ಟು. ಒಂದು ಕಾಲಕ್ಕೆ ಅಣೆಕಟ್ಟೂ ಈ ಕಚೇರಿಯೂ ಒಂದೇ ಇಲಾಖೆಯವು; ಅದರ ಹಳೆಯ ನಕ್ಷೆ ಇನ್ನೂ ಗೋಡೆಯ ಮೇಲಿತ್ತು. ಆಮೇಲೆ ಗಡಿ ಬಂತು, ಅಣೆಕಟ್ಟು ಆಚೆಯವರದಾಯಿತು. ಗಡಿ ಗೀಚಿದವರಿಗೆ ನದಿ ಹರಿಯುತ್ತದೆಂಬುದು ತಡವಾಗಿ ನೆನಪಾಗಿರಬೇಕು, ಒಂದು ಒಪ್ಪಂದ ಮಾಡಿಕೊಂಡರು: ದಿನಾ ಬೆಳಿಗ್ಗೆ ಏಳಕ್ಕೆ ಅಣೆಕಟ್ಟಿನ ಪಾಳಿಯವನು ಫೋನ್ ಮಾಡಿ ಮೂರು ಅಂಕಿ ಹೇಳಬೇಕು. ನೀರಿನ ಮಟ್ಟ, ತೆರೆದ ಗೇಟು, ಹೊರಹರಿವು. ಕೆಳಗಿನವರು ಅದನ್ನು ತಿರುಗಿ ಒಪ್ಪಿಸಬೇಕು. ಅವನು 'ಸರಿ' ಎನ್ನಬೇಕು. ಅಷ್ಟೇ. ಹೇಗಿದ್ದೀರಿ ಎಂದು ಕೇಳುವಂತಿಲ್ಲ, ಹೆಸರು ಹೇಳುವಂತಿಲ್ಲ. ಎರಡೂ ಕಡೆ ಯಾರೋ ಕೇಳಿಸಿಕೊಳ್ಳುತ್ತಿರುತ್ತಾರೆ.

ಆಚೆ ಸರ್ವಾಧಿಕಾರಿ ಬಂದು ಹದಿನಾಲ್ಕು ವರ್ಷವಾಗಿತ್ತು. ಅವನ ಕಥೆ ಯಾರಿಗೂ ಗೊತ್ತಿಲ್ಲದ್ದಲ್ಲ. ಮೆರವಣಿಗೆಯ ಮೇಲೆ ಗುಂಡು ಹಾರಿಸಿದ, ಈಚೆಯ ಎರಡು ದೋಣಿಗಳನ್ನು ಹಿಡಿಸಿದ, ಅದರಲ್ಲಿದ್ದವರು ಮತ್ತೆ ಮನೆಗೆ ಬರಲಿಲ್ಲ. ಚಳಿಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನದಿ ದಾಟಿ ಬಂದವರ ಪಾದಗಳನ್ನು ಅಳತೆಯಕ್ಕ ಇದೇ ಮೆಟ್ಟಿಲ ಮೇಲೆ ಕೂರಿಸಿ ಒರೆಸಿದ್ದಳು. ಅವನನ್ನು ಕಿತ್ತೆಸೆಯಬೇಕು ಎಂದರೆ ಇಲ್ಲ ಎನ್ನುವ ಬಾಯಿ ಅವಳದಲ್ಲ. ಆದರೆ ಹೋದ ತಿಂಗಳು ಅವನು ಆಕಾಶವಾಣಿಯಲ್ಲಿ ಹೇಳಿದ್ದ: ನನ್ನ ಮೇಲೆ ಕೈಯೆತ್ತಿ ನೋಡಿ, ಐದೂ ಗೇಟು ಎತ್ತಿಸ್ತೀನಿ. ಅದಕ್ಕೇ ಸೈನ್ಯ ಮೊದಲು ಅಣೆಕಟ್ಟನ್ನೇ ಹಿಡಿಯಲು ಹೊರಟಿತ್ತು.

"ಗೇಟಿನ ಸ್ವಿಚ್ಚಿನ ಕೀಲಿ ಆ ಪಾಳಿಯವನ ಸೊಂಟದಲ್ಲೇ ಇರುತ್ತೆ," ಅಧಿಕಾರಿ ವಿವರಿಸಿದ. "ಏಳಕ್ಕೆ ಅವನು ಫೋನಿನ ಕೋಣೆಗೆ ಬರ್ತಾನೆ. ಕಾವಲಿನವರ ಪಾಳಿ ಬದಲಾಗೋದೂ ಆಗಲೇ. ಅವನು ಫೋನಲ್ಲಿ ಇರೋವರೆಗೂ ಗೇಟ್ ಹತ್ತಿರ ಕೀಲಿ ಇಲ್ಲ. ನಮ್ಮವರಿಗೆ ನಾಲ್ಕು ನಿಮಿಷ ಸಾಕು."

"ಕರೆ ಮುಗಿಯೋದು ಮುಕ್ಕಾಲು ನಿಮಿಷದಲ್ಲಿ."

"ಕೇಳಿಸಲಿಲ್ಲ ಅನ್ನಿ. ಮತ್ತೆ ಮತ್ತೆ ಹೇಳಿಸಿ."

"ನಾನು ಯಾವತ್ತೂ ಎರಡನೇ ಸಲ ಹೇಳಿಸಿಲ್ಲ."

"ವಯಸ್ಸಾಯ್ತಲ್ಲ ಅಮ್ಮ, ನಂಬ್ತಾನೆ," ಎಂದು ಅವನು ನಕ್ಕ. ನಗುವಿನಲ್ಲಿ ಕೆಟ್ಟತನವಿರಲಿಲ್ಲ. ನಕ್ಕಾಗ ಗಲ್ಲದ ಗಾಯ ಮತ್ತೆ ಒಸರಿತು. ಅವಳು ಮೇಜಿನ ಖಾನೆಯಿಂದ ಚೂರು ಹತ್ತಿ ತೆಗೆದು ಅವನ ಮುಂದಿಟ್ಟಳು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮುಖ ಕೆಂಪಾಗಿ, ಹತ್ತಿ ಒತ್ತಿಕೊಂಡ.

ಆಗ ಅವಳಿಗೆ ಹೇಳುವ ಧೈರ್ಯ ಬಂತು. "ಐದನೇ ಗೇಟು ಏಳುತ್ತೆ, ಇಳಿಯಲ್ಲ."

"ಅಂದ್ರೆ?"

ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಮೂರು ಅಂಕಿ ಹೇಳಿದ ಮೇಲೆ ಆ ದನಿ ನಿಲ್ಲಲಿಲ್ಲ. "ಅಕ್ಕ, ಐದನೇದು ಎತ್ತಿಬಿಟ್ಟಿದಾರೆ. ಅದು ಏಳುತ್ತೆ, ಇಳಿಯಲ್ಲ. ಜನರನ್ನ ಎಬ್ಬಿಸಿ," ಎಂದಿತ್ತು. ಅಳತೆಯಕ್ಕ ಬರಿಗಾಲಲ್ಲಿ ತಗ್ಗಿನ ಪೇಟೆಯ ಒಂದೊಂದು ಬಾಗಿಲು ಬಡಿದಿದ್ದಳು. ಮಧ್ಯಾಹ್ನ ಆ ಮನೆಗಳ ಹೆಂಚಿನ ಮೇಲೆ ನೀರು ಹರಿಯಿತು. ಒಂದು ಜೀವವೂ ಹೋಗಲಿಲ್ಲ. ಮಾರನೆಯ ದಿನ ಫೋನಿನಲ್ಲಿ ಬೇರೆ ದನಿ. ಎಂಟು ತಿಂಗಳಾದ ಮೇಲೆ ಹಳೆಯ ದನಿ ಮರಳಿತು, ಜೊತೆಗೊಂದು ಕೆಮ್ಮು ತಂದಿತು. ಎಲ್ಲಿದ್ದಿರಿ ಎಂದು ಕೇಳುವಂತಿರಲಿಲ್ಲ. ಅಂಕಿ ಒಪ್ಪಿಸಿದ ಮೇಲೆ ಅವಳು ಎರಡೇ ಮಾತು ಸೇರಿಸಿದಳು: "ಬಿಸಿನೀರು ಕುಡೀರಿ." ಅವನು "ಸರಿ," ಎಂದ. ಆ ಸರಿ ಅಂಕಿಗೋ ಬಿಸಿನೀರಿಗೋ, ಇವತ್ತಿಗೂ ಅವಳಿಗೆ ತಿಳಿಯದು. ಮನಸ್ಸಿನಲ್ಲಿ ಅವಳು ಅವನನ್ನು ಮೇಲಿನವರು ಎನ್ನುತ್ತಿದ್ದಳು. ಮುಖ ನೋಡಿದವಳಲ್ಲ.

ಇದಿಷ್ಟನ್ನೂ ಹೇಳಲಿಲ್ಲ. ಗೋಡೆಯ ನಕ್ಷೆಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದಳು. "ಕರೆಂಟ್ ಹೋದರೆ ಗೇಟನ್ನ ಕೈಚಕ್ರದಿಂದ ತಿರುಗಿಸಿ ಎತ್ತಬಹುದು. ಕೀಲಿ ಬೇಕಿಲ್ಲ. ನಾಲ್ಕು ಗೇಟು ಹೊಸವು, ಅವರು ಎತ್ತಿದರೆ ನಿಮ್ಮವರು ಇಳಿಸಬಹುದು. ಐದನೇದು ಹಳೇದು, ಫೋನಿನ ಕೋಣೆ ಪಕ್ಕದ್ದು. ಅದರ ಚಕ್ರವೇ ಬೇರೆ. ಅದನ್ನ ಒಂದು ಸಲ ಎತ್ತಿದರೆ ಅಣೆಕಟ್ಟು ಬರಿದಾಗೋವರೆಗೂ ಇಳಿಸೋಕೆ ಯಾರಪ್ಪನಿಂದಲೂ ಆಗಲ್ಲ. ಈಗ ಅಣೆಕಟ್ಟು ತುಂಬಿ ಕೂತಿದೆ. ತಗ್ಗಿನ ಪೇಟೆಯಲ್ಲಿ ಮೂರು ಸಾವಿರ ಮನೆ."

"ಎತ್ತೋಕೆ ನಾವು ಬಿಟ್ರೆ ತಾನೆ?"

"ಬಿಡದೆ ಇರೋಕೆ ಎಲ್ಲಾ ನೀವು ಅಂದ್ಕೊಂಡ ಹಾಗೇ ನಡೀಬೇಕಲ್ಲ, ಸ್ವಾಮಿ."

"ನಡೆಯುತ್ತೆ. ನಮ್ಮ ಹತ್ರ ಮೇಲಿಂದ ತೆಗೆದ ಫೋಟೋಗಳಿವೆ."

ಫೋಟೋದಲ್ಲಿ ಗೇಟು ಇಳಿಯುತ್ತದೋ ಇಲ್ಲವೋ ಕಾಣುತ್ತದೆಯೇ ಎಂದು ಅವಳು ಕೇಳುವ ಮೊದಲೇ ಇಂಜಿನಿಯರ್ ಸಾಹೇಬರು ಕ್ಯಾಲೆಂಡರಿನಿಂದ ತಿರುಗಿ, "ಸಾಕು ಅಕ್ಕ," ಎಂದರು. ದನಿ ಗದರುವಂತಿರಲಿಲ್ಲ, ಬೇಡಿಕೊಳ್ಳುವಂತಿತ್ತು.

ಅಧಿಕಾರಿ ಟೋಪಿ ಹಾಕಿಕೊಂಡ. "ಒಂದು ಮಾತು. ಇದು ಈ ಕೋಣೆ ದಾಟಬಾರದು. ತಗ್ಗಿನ ಪೇಟೆ ಖಾಲಿಯಾಗೋದು ಅವರ ಕಣ್ಣಿಗೆ ಬಿದ್ರೆ ನಮ್ಮ ಹುಡುಗರು ಒಬ್ಬರೂ ವಾಪಸ್ ಬರಲ್ಲ. ಇಪ್ಪತ್ತಾರು ಜನ ಅಮ್ಮ. ಎಲ್ಲ ನನಗೆ ಗೊತ್ತಿರೋ ಹುಡುಗರು."

ಅವರು ಹೋದ ಮೇಲೆ ಜವಾನ ಒಳಗೆ ಬಂದ. ಬೆಳಗಿನ ಸುದ್ದಿ ಮಧ್ಯಾಹ್ನಕ್ಕೂ ಮಧ್ಯಾಹ್ನದ್ದು ಸಂಜೆಗೂ ಅವನ ಬಾಯಲ್ಲಿ ಮರುಪ್ರಸಾರವಾಗುವುದರಿಂದ ಎಲ್ಲರೂ ಅವನನ್ನು ರೇಡಿಯೊಮಾಮ ಎನ್ನುತ್ತಿದ್ದರು. "ಯುದ್ಧ ಆದ್ರೆ ಮೂರು ದಿನವಂತೆ ಅಕ್ಕ! ಮೂರೇ ದಿನ. ನಾಲ್ಕನೇ ದಿನ ಆಚೆಯ ಜನ ನಮ್ಮವರಿಗೆ ಹೂ ಕೊಡ್ತಾರಂತೆ."

"ಈ ಕಚೇರಿ ನಲ್ಲಿಗೆ ವಾಷರ್ ಹಾಕೋಕೆ ನಿಮಗೆ ಮೂರು ವಾರ ಬೇಕಾಯ್ತು," ಎಂದಳು ಅಳತೆಯಕ್ಕ.

"ಅದು ಸರ್ಕಾರಿ ಕೆಲಸ."

"ಇದು ಯಾರ ಕೆಲಸ?"

ರೇಡಿಯೊಮಾಮ ನಗಲು ಹೊರಟವನು ಅವಳ ಮುಖ ನೋಡಿ ನಿಲ್ಲಿಸಿದ. ಏನೂ ಕೇಳದೆ ಚೆಲ್ಲಿದ ಚಹಾ ಒರೆಸಿ, ಹೊಸ ಲೋಟ ತಂದಿಟ್ಟು ಹೋದ.

ಅವಳಿಗೆ ಅತ್ತ ದರಿ ಇತ್ತ ಪುಲಿ. ತಗ್ಗಿನ ಪೇಟೆಯಲ್ಲಿ, ನದಿಯಿಂದ ಎರಡನೆಯ ಬೀದಿಯಲ್ಲಿ, ಮಗಳಿದ್ದಳು. ಮಗಳ ಪಕ್ಕದಲ್ಲಿ ಹುಟ್ಟಿ ಒಂಬತ್ತು ದಿನದ ಹಸುಗೂಸು. ಹೇಳಿದರೆ ಇಪ್ಪತ್ತಾರು ಮಂದಿ. ಹೇಳದಿದ್ದರೆ ಮೂರು ಸಾವಿರ ಮನೆ. ಎರಡರ ನಡುವೆ ಕೆಮ್ಮುವ ಒಂದು ದನಿ, ಅದಂತೂ ಯಾರ ಲೆಕ್ಕದಲ್ಲೂ ಇರಲಿಲ್ಲ.

ಸಂಜೆಯ ಅಳತೆ ಬರೆದು ಮಗಳ ಮನೆಗೆ ನಡೆದಳು. ಬಾಗಿಲಲ್ಲೇ ಬೀಗಿತ್ತಿ ಹೊಲಿಗೆ ಯಂತ್ರ ಹಾಕಿಕೊಂಡು ಕೂತಿದ್ದಳು. ಆಕೆ ದರ್ಜಿ; ಮಾತೂ ಕತ್ತರಿಯಂತೆಯೇ. ಮಕ್ಕಳ ಮದುವೆಯಾದ ವರ್ಷ ಅಳತೆಯಕ್ಕನ ರವಿಕೆ ನೋಡಿ, "ನದಿಗೆ ಇಡೋ ಅಳತೆ ಮೈಗೂ ಇಡಬಾರದಾ?" ಎಂದವಳು. ಅಂದಿನಿಂದ ಇಬ್ಬರ ನಡುವೆ ಮರ್ಯಾದೆಯಿತ್ತು, ಸಲುಗೆ ಇರಲಿಲ್ಲ.

"ಮಗಳನ್ನೂ ಕೂಸನ್ನೂ ನಾಲ್ಕು ದಿನ ಕರ್ಕೊಂಡು ಹೋಗೋಣ ಅಂತ ಬಂದೆ," ಎಂದಳು ಅಳತೆಯಕ್ಕ.

ಒಳಗಿನಿಂದ ಮಗಳು ರೇಗಿದಳು. "ಈಗಲಾ ಅಮ್ಮ? ಮಗೂಗೆ ಈಗ ತಾನೆ ನಿದ್ದೆ ಹತ್ತಿದೆ. ಆ ಮೇಡು ಹತ್ತೋಕೆ ನನ್ನಿಂದ ಆಗುತ್ತಾ? ಹೋದ ವಾರ ಬಾ ಅಂದಾಗ ಕಚೇರಿ ಇದೆ ಅಂದೆ."

"ನನಗೆ ಮೈ ಸರಿ ಇಲ್ಲ ಕಣೇ. ಜ್ವರ. ಒಬ್ಬಳೇ ಇರೋಕೆ ಭಯ ಆಗುತ್ತೆ."

"ಜ್ವರ ಇರೋ ಮನೆಗೆ ಬಾಣಂತೀನ ಕರೀತಾರಾ?"

ಸುಳ್ಳು ಹೇಳಿ ರೂಢಿಯಿಲ್ಲದವಳ ಸುಳ್ಳು ಒಂದೇ ಹೊಲಿಗೆಗೆ ಬಿಚ್ಚಿಕೊಂಡಿತು. ಅಳತೆಯಕ್ಕ ಹೊಸ್ತಿಲ ಮೇಲೆ ಕೂತುಬಿಟ್ಟಳು. ಹೊಲಿಗೆ ಯಂತ್ರ ನಿಂತಿತು. ಬೀಗಿತ್ತಿ ಕನ್ನಡಕದ ಮೇಲಿಂದ ಅವಳನ್ನು ತುಸು ಹೊತ್ತು ನೋಡಿದಳು. ಆಮೇಲೆ ಬೀದಿಯ ಕೊನೆಗೆ ಕಾಣುವ ನದಿಯನ್ನು ನೋಡಿದಳು.

"ಹುಷಾರಿಲ್ಲದೋರ ಹತ್ರ ವಾದ ಏನೇ?" ಎಂದು ಸೊಸೆಯನ್ನು ಗದರಿದಳು. "ಏಳು. ಕೂಸನ್ನ ನಾನು ಎತ್ಕೋತೀನಿ." ಮತ್ತೆ ಅಳತೆಯಕ್ಕನ ಹತ್ತಿರ ಬಗ್ಗಿ, ದನಿ ತಗ್ಗಿಸಿ, "ನಾನೇನೂ ಕೇಳಲ್ಲ. ಇಪ್ಪತ್ತೆರಡು ವರ್ಷದಿಂದ ನದಿ ನೋಡ್ತಿರೋರು ನೀವು. ಜ್ವರ ಅಂದ್ರೆ ಜ್ವರ. ಎಷ್ಟು ಜನಕ್ಕೆ ಬರೋ ಜ್ವರ, ಅದೊಂದು ಹೇಳಿ."

ಅಳತೆಯಕ್ಕ ತಲೆಯೆತ್ತಿ ಬೀದಿಯುದ್ದಕ್ಕೂ ನೋಡಿದಳು, ಈ ತುದಿಯಿಂದ ಆ ತುದಿಯವರೆಗೆ.

"ಹೂಂ," ಎಂದಳು ಬೀಗಿತ್ತಿ. ಪಕ್ಕದ ಕಿಟಕಿಗೆ ಕತ್ತರಿಯಿಂದ ಬಡಿದಳು. "ಏ ಇವಳೇ! ನಾಳೆ ಬೆಳಿಗ್ಗೆಯಿಂದ ನಮ್ಮ ನಲ್ಲಿ ನೀರಿಗೆ ಔಷಧಿ ಬಿಡ್ತಾರಂತೆ. ಕುಡಿದರೆ ಮಕ್ಕಳಿಗೆ ಭೇದಿ. ಮೇಲಿನ ಶಾಲೆ ಹತ್ರ ಒಳ್ಳೆ ನೀರು ಕೊಡ್ತಾರೆ. ಮನೆಗೆ ಎಷ್ಟು ಜನ ಬಂದ್ರೆ ಅಷ್ಟು ಕೊಡ. ಮಕ್ಕಳನ್ನೂ ಕರ್ಕೊಂಡು ಬರಬೇಕಂತೆ. ನಾಲ್ಕು ಜನಕ್ಕೆ ಹೇಳು."

ಪುಕ್ಕಟೆಯದು ಎಂದರೆ ಸುದ್ದಿಗೆ ಕಾಲು ಬರುತ್ತದೆ. ಕತ್ತಲಾಗುವಷ್ಟರಲ್ಲಿ ಅದು ತಗ್ಗಿನ ಪೇಟೆಯ ಕೊನೆಯ ಮನೆ ದಾಟಿ ಮರದ ಮಿಲ್ಲನ್ನು ಮುಟ್ಟಿತ್ತು.

ಬೆಳಿಗ್ಗೆ ಆರೂವರೆಗೆ ಕಚೇರಿ ತುಂಬ ಜನ. ಫೋನಿಗೆ ಇನ್ನೊಂದು ತಂತಿ ಜೋಡಿಸಿ ಅಧಿಕಾರಿ ಕಿವಿಗೆ ಹಾಕಿಕೊಂಡಿದ್ದ. ಇನ್ನಿಬ್ಬರು ಪೆಟ್ಟಿಗೆಯಂಥ ಯಂತ್ರದ ಮುಂದೆ. ಇಂಜಿನಿಯರ್ ಸಾಹೇಬರು ಮತ್ತೆ ಕ್ಯಾಲೆಂಡರಿನ ಮುಂದೆ. ಕಿಟಕಿಯಾಚೆ ಮೇಡಿನ ದಾರಿಯಲ್ಲಿ ಕೊಡ, ಬಿಂದಿಗೆ, ಬಕೆಟ್ಟು ಹಿಡಿದ ಹೆಂಗಸರು ಮಕ್ಕಳು ಸಾಲುಗಟ್ಟಿ ಹತ್ತುತ್ತಿದ್ದರು. ದೂರದಿಂದ ನೋಡಿದವರಿಗೆ ಅದು ನೀರಿಗೆ ಹೊರಟ ಸಾಲೇ ಹೊರತು ಬೇರೇನಲ್ಲ.

"ಅದೇನದು?" ಎಂದ ಅಧಿಕಾರಿ.

"ನಲ್ಲಿ ರಿಪೇರಿ," ಎಂದ ರೇಡಿಯೊಮಾಮ, ಕಣ್ಣು ಮಿಟುಕಿಸದೆ. "ಮೂರು ವಾರ ಆಗುತ್ತೆ."

ಏಳಕ್ಕೆ ಸರಿಯಾಗಿ ಫೋನು ಬಡಿಯಿತು. ದಿನವೂ ಎರಡನೆಯ ಬಡಿತಕ್ಕೆ ಎತ್ತುವವಳು ಅಂದು ಮೂರನೆಯದಕ್ಕೆ ಎತ್ತಿದಳು.

"ಮಟ್ಟ ಇನ್ನೂರ ಹದಿಮೂರು. ಐದೂ ಮುಚ್ಚಿದೆ. ಹೊರಹರಿವು ನಲವತ್ತು." ಕೆಮ್ಮು.

ಅಧಿಕಾರಿ ಬೆರಳು ತಿರುಗಿಸಿ ಸನ್ನೆ ಮಾಡಿದ.

"ಕೇಳಿಸಲಿಲ್ಲ," ಎಂದಳು. "ಇನ್ನೊಮ್ಮೆ ಹೇಳಿ."

ಒಂದು ಉಸಿರಿನಷ್ಟು ಮೌನ. "ಮಟ್ಟ ಇನ್ನೂರ ಹದಿಮೂರು. ಐದೂ ಮುಚ್ಚಿದೆ. ಹೊರಹರಿವು ನಲವತ್ತು." ಈ ಸಲ ನಿಧಾನ, ಕಿವಿ ಮಂದವಾದ ಮನೆಯವರಿಗೆ ಹೇಳುವಂತೆ.

"ಇನ್ನೊಮ್ಮೆ."

ಮೌನ ಉದ್ದವಾಯಿತು. ಆ ಮೌನದೊಳಗೆ ಅಳತೆಯಕ್ಕನಿಗೆ ತಾನೇನು ಮಾಡಿದೆ ಎಂಬುದು ಹೊಳೆಯಿತು. ಇಪ್ಪತ್ತೆರಡು ವರ್ಷ. ಗಂಡ ತೀರಿಹೋದ ಮಾರನೆಯ ಬೆಳಿಗ್ಗೆಯೂ, ಪ್ರವಾಹದ ಬೆಳಿಗ್ಗೆಯೂ ಅವಳು ಒಂದು ಅಂಕಿಯನ್ನೂ ಎರಡನೆಯ ಸಲ ಕೇಳಿದವಳಲ್ಲ. ಸೈನ್ಯ ಹೇಳಿಕೊಟ್ಟಿದ್ದನ್ನೇ ಅಕ್ಷರ ತಪ್ಪದೆ ಮಾಡಿದ್ದಳು. ಆದರೆ ಕಿರುಚಿ ಹೇಳಿದ್ದರೂ ಇದಕ್ಕಿಂತ ಸ್ಪಷ್ಟವಾಗಿ ಹೇಳಿದಂತಾಗುತ್ತಿರಲಿಲ್ಲ. ಮೇಲಿನವರಿಗೆ ಗೊತ್ತಾಗಿ ಹೋಗಿತ್ತು. ಈಗ ಅವರು ಕೂಗಿ ಕಾವಲಿನವರನ್ನು ಕರೆಯಬಹುದು. ಸೊಂಟದ ಕೀಲಿ ತೆಗೆಯಬಹುದು. ಹೆಂಡತಿ ಮಕ್ಕಳಿರಬಹುದಾದ ಮನುಷ್ಯ, ಆಜ್ಞೆಯಿರುವ ಮನುಷ್ಯ. ಯಾಕೆ ಮಾಡಬಾರದು?

"ಒಂದು ನಿಮಿಷ ಇರಿ," ಎಂದಿತು ದನಿ. ಮತ್ತೆ ಅಲ್ಲೇ ಯಾರಿಗೋ, "ರಿಜಿಸ್ಟರ್ ತರ್ತೀನಿ ಕಣೋ, ಆ ಯಮ್ಮನಿಗೆ ಕಿವಿ ಕೇಳ್ತಿಲ್ಲ." ರಿಸೀವರ್ ಮೇಜಿಗೆ ತಗುಲಿದ ಸದ್ದು. ಹೆಜ್ಜೆ. ದೂರವಾಗುವ ಕೆಮ್ಮು.

ಅಧಿಕಾರಿ ಎದ್ದು ನಿಂತ. "ಎಲ್ಲಿಗೆ ಹೋದ? ಎಲ್ಲಿಗೆ ಹೋದ ಅವನು?" ಎಂದು ಪಿಸುಗುಟ್ಟಿದ. ಮುಖ ಬಿಳಿಚಿಕೊಂಡಿತ್ತು. ಅಳತೆಯಕ್ಕ ಗೋಡೆಯ ಗಡಿಯಾರ ನೋಡಿದಳು. ಇಪ್ಪತ್ತು ಸೆಕೆಂಡು. ನಲವತ್ತು. ಕಿವಿಗೆ ಒತ್ತಿದ ರಿಸೀವರಿನಲ್ಲಿ ಗಾಳಿಯ ಸದ್ದು. ಅರವತ್ತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ ಒಂದು ಕಿರುಗುಟ್ಟುವಿಕೆ. ಅವಳು ಕಣ್ಣು ಮುಚ್ಚಿದಳು. ಗೇಟು. ಎತ್ತುತ್ತಿದ್ದಾರೆ. ಕೊಡ ಹಿಡಿದ ಆ ಸಾಲು ಮಧ್ಯಾಹ್ನದೊಳಗೆ ತಿರುಗಿ ಮನೆಗೆ ಇಳಿದುಬಿಡುತ್ತದೆ.

ಆಮೇಲೆ ತೀರಾ ದೂರದಲ್ಲಿ, ಆಳದಲ್ಲಿ, ಒಂದು ಸದ್ದು: ಭಾರವಾದದ್ದೇನೋ ನೀರಿಗೆ ಬಿದ್ದಂತೆ. ಅಧಿಕಾರಿ ಅದನ್ನು ಗಮನಿಸಲಿಲ್ಲ. ನೀರಿನ ಸದ್ದು ಕೇಳಿಯೇ ಬದುಕಿದವಳಿಗೆ ಮಾತ್ರ ಅದು ನೀರಿನ ಸದ್ದೆಂದು ತಿಳಿಯುವಷ್ಟು ಮೆಲ್ಲಗಿತ್ತು.

ಹೆಜ್ಜೆ ಮರಳಿತು. ಏದುಸಿರು.

"ಬರ್ಕೊಳ್ಳಿ," ಎಂದಿತು ದನಿ. "ಒಂದನೇದು ಮುಚ್ಚಿದೆ." ಉಸಿರು. "ಎರಡನೇದು ಮುಚ್ಚಿದೆ. ಮೂರನೇದು ಮುಚ್ಚಿದೆ." ಎಂದೂ ಒಂದೊಂದಾಗಿ ಹೇಳಿದವರಲ್ಲ. ಅವಳ ಪೆನ್ನು ತಾನಾಗಿಯೇ ಬರೆಯುತ್ತಿತ್ತು. "ನಾಲ್ಕನೇದು ಮುಚ್ಚಿದೆ. ಐದನೇದು..." ಕೆಮ್ಮು ಬಂದು ಮಾತು ತಡೆಯಿತು. ಅವಳು ಕಾದಳು. "ಐದನೇದು ಮುಚ್ಚಿದೆ. ಮುಚ್ಚೇ ಇರುತ್ತೆ. ಸರಿಯಾ, ಅಕ್ಕ?"

ಹನ್ನೊಂದು ವರ್ಷಗಳ ಮೇಲೆ ಎರಡನೆಯ ಸಲ ಅಕ್ಕ ಎಂದಿದ್ದರು. ದಿನವೂ ಸರಿ ಎನ್ನುವುದು ಅವರ ಪಾಲಿನ ಮಾತು.

"ಸರಿ," ಎಂದಳು ಅಳತೆಯಕ್ಕ.

ಅವರು ಫೋನಿಡಲಿಲ್ಲ. ಉಸಿರು ಕೇಳಿಸುತ್ತಲೇ ಇತ್ತು. ನಾಲ್ಕು ನಿಮಿಷ ದಾಟಿತು, ಐದು. ಏನು ಕೇಳಿದರೂ ತಪ್ಪು, ಏನು ಹೇಳಿದರೂ ತಪ್ಪು. ಇಬ್ಬರೂ ಮಾತಿಲ್ಲದೆ ಕೂತರು, ರೈಲು ಬರುವವರೆಗೆ ಒಂದೇ ಬೆಂಚಿನಲ್ಲಿ ಕೂತವರಂತೆ. ಆಮೇಲೆ ಪಟಪಟ ಸದ್ದು, ಕೂಗು, ಕುರ್ಚಿ ಬಿದ್ದದ್ದು. ತಂತಿ ಸತ್ತಿತು.

ಅಧಿಕಾರಿ ಕಿವಿಯ ತಂತಿ ಬಿಚ್ಚಿದ. "ನಾಲ್ಕು ಕೇಳಿದ್ರೆ ಆರು ಕೊಟ್ರಿ ಅಮ್ಮ," ಎಂದ. ಅವನ ಗಲ್ಲದಲ್ಲಿ ನಿನ್ನೆಯ ಹತ್ತಿಯ ಎಳೆ ಇನ್ನೂ ಅಂಟಿಕೊಂಡಿತ್ತು. ಅವಳಿಗೆ ರಿಸೀವರನ್ನು ಅದರ ಜಾಗದಲ್ಲಿಡಲು ಕೈ ಬರಲಿಲ್ಲ. ಇಂಜಿನಿಯರ್ ಸಾಹೇಬರು ಬಂದು ಮೆಲ್ಲಗೆ ಬಿಡಿಸಿ ಇಟ್ಟರು.

ಮುಂದಿನ ಐದು ಗಂಟೆ ಅವಳು ಮೆಟ್ಟಿಲ ಮೇಲಿದ್ದಳು. ಅಣೆಕಟ್ಟು ಕೈಗೆ ಬಂತೆಂದು ಒಂಬತ್ತಕ್ಕೆ ಒಳಗಿನಿಂದ ಕೂಗು ಕೇಳಿಸಿತು, ಯಾರೋ ಚಪ್ಪಾಳೆ ತಟ್ಟಿದರು. ಅವಳು ಕಂಬದಿಂದ ಕಣ್ಣು ಕೀಳಲಿಲ್ಲ. ಏಳು ಗಂಟೆಗೆ ಹೊರಟ ನೀರು ಒಂಬತ್ತರ ಚಪ್ಪಾಳೆಗೆ ನಿಲ್ಲುವುದಿಲ್ಲ. ಅದು ದಾರಿಯಲ್ಲಿರುತ್ತದೆ. ಮೇಲಿನ ಶಾಲೆಯ ಅಂಗಳದಲ್ಲಿ ಖಾಲಿ ಕೊಡ ಹಿಡಿದ ಹೆಂಗಸರು ನೀರೆಲ್ಲಿ ಎಂದು ಬೀಗಿತ್ತಿಯನ್ನು ಬೈಯುತ್ತಿದ್ದುದು ಗಾಳಿಯಲ್ಲಿ ತೇಲಿ ಬರುತ್ತಿತ್ತು. "ಬರುತ್ತೆ ಇರ್ರೇ, ಬರುತ್ತೆ!" ಎಂದು ಬೀಗಿತ್ತಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು.

ಹನ್ನೆರಡೂ ಹತ್ತಕ್ಕೆ ನೀರಿನ ಬಣ್ಣ ಬದಲಾಯಿತು. ಮೊದಲು ಕಸ ಬಂತು, ಮುರಿದ ಕೊಂಬೆ, ಒಂದು ಪ್ಲಾಸ್ಟಿಕ್ ಕುರ್ಚಿ. ಮೂರನೆಯ ಮೆಟ್ಟಿಲು ಮುಳುಗಿತು. ನಾಲ್ಕನೆಯದು. ನೀರು ಸದ್ದಿಲ್ಲದೆ, ಆತುರವಿಲ್ಲದೆ ಏರಿತು, ತನ್ನದೇ ಮನೆಯ ಮೆಟ್ಟಿಲು ಹತ್ತುವವರಂತೆ. ಕಂಬದ ಮೇಲಿನ ಅಪಾಯದ ಕೆಂಪು ಗೆರೆ ಮುಳುಗಿದಾಗ ಶಾಲೆಯ ಅಂಗಳದಲ್ಲಿ ಮಾತು ನಿಂತುಹೋಯಿತು. ತಗ್ಗಿನ ಪೇಟೆಯ ಮೊದಲ ಬೀದಿಯಲ್ಲಿ ನೀರು ಕಿಟಕಿ ಮುಟ್ಟಿತು, ಎರಡನೆಯ ಬೀದಿಯಲ್ಲಿ ಮೊಣಕಾಲುದ್ದವಾಯಿತು. ಅಳತೆಯಕ್ಕ ಒಂದೊಂದು ಮೆಟ್ಟಿಲೇ ಹಿಂದೆ ಸರಿಯುತ್ತ, ಹತ್ತು ಹತ್ತು ನಿಮಿಷಕ್ಕೆ ಅಂಕಿ ಕೂಗುತ್ತ ಹೋದಳು. ರೇಡಿಯೊಮಾಮ ಬರೆಯುತ್ತ ಹೋದ. ಎರಡು ಗಂಟೆಗೆ ಕೂಗಿದ ಅಂಕಿಯನ್ನೇ ಎರಡೂ ಹತ್ತಕ್ಕೂ ಕೂಗಿದಳು. ಎರಡೂ ಇಪ್ಪತ್ತಕ್ಕೂ.

"ಅಕ್ಕ, ಅದೇ ಅಂಕಿ," ಎಂದ ರೇಡಿಯೊಮಾಮ.

"ಹೌದು. ಅದೇ," ಎಂದು ಅವಳು ಒದ್ದೆ ಮೆಟ್ಟಿಲ ಮೇಲೇ ಕೂತಳು.

ಕಾವಲಿನವರು ಒಂದು, ಎರಡು ಗೇಟುಗಳನ್ನು ಕೈಯಿಂದ ಎತ್ತಿದ್ದರಂತೆ. ನಮ್ಮವರು ತಲುಪಿ ಅವನ್ನು ಇಳಿಸಿದರಂತೆ. ಪ್ರಾಣಹಾನಿಯಿಲ್ಲ ಎಂದು ಸಂಜೆ ಆಕಾಶವಾಣಿ ಹೇಳಿತು. ಮರದ ಮಿಲ್ಲಿನ ಮುದಿ ಕಾವಲುಗಾರ ಮಾತ್ರ ಸಿಗಲಿಲ್ಲ. ಕೊಡ ಹಿಡಿದು ಹೋಗೋಕೆ ನನಗೇನು ಮಕ್ಕಳಾ ಮರಿಯಾ ಎಂದಿದ್ದನಂತೆ. ಇಪ್ಪತ್ತಾರು ಹುಡುಗರಲ್ಲಿ ಎಷ್ಟು ಜನ ಮರಳಿದರು ಎಂದು ಯಾರೂ ಹೇಳಲಿಲ್ಲ. ಅಧಿಕಾರಿ ಮರುದಿನ ಬಂದು ತಂತಿ ಬಿಚ್ಚಿಕೊಂಡು ಹೋದ. ಗಡ್ಡ ತೆಗೆದಿರಲಿಲ್ಲ. ಅವಳೂ ಕೇಳಲಿಲ್ಲ.

ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಯಾರೂ ಯಾರಿಗೂ ಹೂ ಕೊಡಲಿಲ್ಲ. ರೇಡಿಯೊಮಾಮ ಸುದ್ದಿ ಹೇಳುವುದನ್ನು ಬಿಟ್ಟ. ಆಚೆಯವರ ಸೈನ್ಯ ಅಣೆಕಟ್ಟನ್ನು ಮರಳಿ ಹಿಡಿಯಲು ಬರುತ್ತಿದೆ ಎಂದು ಲಾರಿ ಚಾಲಕರು ಹೇಳಿದರು. ತಗ್ಗಿನ ಪೇಟೆಯವರು ಶಾಲೆಯಲ್ಲೇ ಉಳಿದರು. ಕಚೇರಿಯ ಹಿಂದಿನ ಹಗ್ಗದ ಮೇಲೆ ಕೂಸಿನ ಬಟ್ಟೆ ಒಣಗುತ್ತಿತ್ತು. ಬೀಗಿತ್ತಿ ಕೆಸರು ತೊಳೆದ ಹೊಲಿಗೆ ಯಂತ್ರವನ್ನು ವರಾಂಡದಲ್ಲಿಟ್ಟುಕೊಂಡು ಹಳೆಯ ಪರದೆಗಳಿಂದ ಮಕ್ಕಳಿಗೆ ಅಂಗಿ ಹೊಲಿಯುತ್ತಿದ್ದಳು.

ದಿನವೂ ಏಳು ಗಂಟೆಗೆ ಅಳತೆಯಕ್ಕ ಫೋನಿನ ಮುಂದೆ ಪೆನ್ನು ಹಿಡಿದು ಕೂರುತ್ತಿದ್ದಳು. ಒಂಬತ್ತನೆಯ ಬೆಳಿಗ್ಗೆ ಅದು ಬಡಿಯಿತು.

"ಹಲೋ, ಹಲೋ?" ಹರೆಯದ ದನಿ, ಈಚೆಯದು. "ದಿನಾ ಫೋನ್ ಮಾಡಿ ಅಂಕಿ ಹೇಳಬೇಕು ಅಂತ ಇಲ್ಲಿ ಗೋಡೆ ಮೇಲೆ ಬರೆದಿದೆ. ನಿಮಗೇನಾ?"

"ನನಗೇ. ಹೇಳಪ್ಪ. ಮೊದಲು ಮಟ್ಟ."

"ಇನ್ನೂರ ಹದಿಮೂರೂವರೆ. ಏರ್ತಾ ಇದೆ ಅಮ್ಮ. ಎರಡನೇ ಗೇಟು ಒಂದಡಿ ಎತ್ತಿದೀವಿ. ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ ಗೊತ್ತಿಲ್ಲ. ಇಲ್ಲಿ ಗೊತ್ತಿರೋರು ಯಾರೂ ಇಲ್ಲ." ಸ್ವಲ್ಪ ತಡೆದು, "ಇನ್ನೊಂದು ವಿಷಯ. ಐದನೇ ಗೇಟಿನ ಚಕ್ರ ಸಿಕ್ತಿಲ್ಲ. ಎಲ್ಲಾ ಕಡೆ ಹುಡುಕಿದ್ವಿ. ನಿಮಗೇನಾದ್ರೂ ಗೊತ್ತಾ?"

ಅಳತೆಯಕ್ಕನಿಗೆ ಆ ಬೆಳಗಿನ ಕಿರುಗುಟ್ಟುವಿಕೆ ಕೇಳಿಸಿತು, ಆಮೇಲಿನ ಆ ಆಳದ ಸದ್ದು.

"ಹುಡುಕಬೇಡಿ," ಎಂದಳು.

"ಹಾಂ?"

"ಅದು ಬೇಕಾಗಿಲ್ಲ. ಹುಡುಕಬೇಡಿ." ಪೆನ್ನಿನ ಮೇಲೆ ಬೆರಳು ಬಿಗಿಯಾಯಿತು. "ಅಲ್ಲಿ ಮೊದಲು ಒಬ್ಬರಿದ್ರು. ಕೆಮ್ಮೋರು."

"ನಾನು ಬಂದಿದ್ದು ಮೊನ್ನೆ ಅಮ್ಮ. ಯಾರ ವಿಷಯವೂ ಗೊತ್ತಿಲ್ಲ. ಮೇಜಿನ ಮೇಲೆ ಒಂದು ಫ್ಲಾಸ್ಕ್ ಇದೆ. ನಮ್ಮವರು ಬಂದಾಗ ಅದರಲ್ಲಿ ಬಿಸಿನೀರಿತ್ತಂತೆ, ಬರೀ ನೀರು." ಅವನ ಮಾತಿನ ಹಿಂದೆ ಧಡ್ ಎಂದಿತು. ಮತ್ತೊಮ್ಮೆ, ಇನ್ನೂ ಹತ್ತಿರ. ಹುಡುಗ ಉಸಿರು ಹಿಡಿದದ್ದು ತಂತಿಯಲ್ಲಿ ಕೇಳಿಸಿತು.

"ಏನಪ್ಪ ಅದು?"

"ಏನಿಲ್ಲ ಅಮ್ಮ. ಗುಡುಗು."

"ಸರಿ," ಎಂದಳು. ಎರಡನೆಯ ಗೇಟನ್ನು ಅರ್ಧ ಅಡಿ ಇಳಿಸಿ, ಮೂರನೆಯದನ್ನು ಅಷ್ಟೇ ಎತ್ತಬೇಕೆಂದು ನಿಧಾನವಾಗಿ ಹೇಳಿಕೊಟ್ಟಳು. ಅವನು ತಿರುಗಿ ಒಪ್ಪಿಸಿದ. ಒಂದು ಕಡೆ ತಪ್ಪಿದ, ಮತ್ತೆ ಹೇಳಿದಳು.

ಫೋನಿಟ್ಟು ಹೊರಗೆ ಬಂದಳು. ಆಕಾಶದಲ್ಲಿ ಒಂದು ಮೋಡದ ಚೂರೂ ಇರಲಿಲ್ಲ. ಮೆಟ್ಟಿಲಿಳಿದು ಅಳತೆಗಂಬದ ಹತ್ತಿರ ಬಗ್ಗಿದಳು. ಅಂದಿನ ನೀರು ಬಿಟ್ಟುಹೋದ ಕೆಸರಿನ ಗೆರೆ ಕಂಬದ ಮೇಲೆ ಒಣಗಿ ಬಿರಿದಿತ್ತು. ಅದಕ್ಕಿಂತ ಎಷ್ಟೋ ಕೆಳಗೆ ಅಪಾಯದ ಕೆಂಪು ಗೆರೆ; ಕೆಂಪು ಗೆರೆಯ ಕೆಳಗೆ ಇವತ್ತಿನ ನೀರು ಕಂಬವನ್ನು ಮೆಲ್ಲಗೆ ನೆಕ್ಕುತ್ತಿತ್ತು. ನಡುವಿನ ಜಾಗಕ್ಕೆ ಅವಳು ಕೈಯಿಟ್ಟು ನೋಡಿದಳು. ಒಂದು ಗೇಣು. ನಿನ್ನೆ ಒಂದು ಗೇಣಿನ ಮೇಲೆ ನಾಲ್ಕು ಬೆರಳಿತ್ತು.